ಓಡಿಸಿದಷ್ಟೂ ಓಡುವ ನಾಯಿ: ಒಂದು ಪುಟ್ಟ ಟೆರಿಯರ್‌ನ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಬರಹದ ನಾಯಿಯನ್ನು ಬುಗುರಿ ಎಂದು ಕರೆಯೋಣ. ಅದರ ನಿಜವಾದ ಹೆಸರು ಬೇರೆ. ಮನೆಯವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಆದರೆ ಘಟನೆಗಳು ನಡೆದ ಕ್ರಮವನ್ನು, ಒಂದೊಂದು ಹಂತದಲ್ಲಿ ತೆಗೆದುಕೊಂಡ ತೀರ್ಮಾನಗಳನ್ನು ಮತ್ತು ಅವುಗಳ ಫಲವನ್ನು ಇದ್ದಂತೆಯೇ ಉಳಿಸಿದ್ದೇನೆ. ಬುಗುರಿ ಜ್ಯಾಕ್ ರಸೆಲ್ ಟೆರಿಯರ್ ತಳಿಯ ಗಂಡು ನಾಯಿ. ಮನೆಯವರು ನನ್ನ ಸಲಹೆ ಕೇಳಿ ಬಂದಾಗ ಅದಕ್ಕೆ ಒಂದು ವರ್ಷ ತುಂಬಿ ಸ್ವಲ್ಪ ಕಾಲವಾಗಿತ್ತು, ತೂಕ ಸುಮಾರು 7 ಕಿಲೋ. ಮನೆಯಲ್ಲಿ ಕೆಲಸಕ್ಕೆ ಹೋಗುವ ದಂಪತಿ, ಶಾಲೆಗೆ ಹೋಗುವ ಮಗಳು ಮತ್ತು ಹಗಲಿನಲ್ಲಿ ಹೆಚ್ಚಾಗಿ ಮನೆಯಲ್ಲೇ ಇರುವ ಅಜ್ಜಿ ಇದ್ದರು. ಹಿಂಬದಿಯಲ್ಲಿ ಗೋಡೆ ಸುತ್ತುವರಿದ ಸಣ್ಣ ಅಂಗಳವಿತ್ತು. ಮನೆ ಚಿಕ್ಕದು, ಆದ್ದರಿಂದ ಚಿಕ್ಕ ನಾಯಿ ಸಾಕು ಎಂಬುದು ಅವರ ಆಯ್ಕೆಯ ಹಿಂದಿದ್ದ ಲೆಕ್ಕ.

ಆ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ತಿಳಿಯಲು ತಳಿಯ ಬಗ್ಗೆ ಒಂದೆರಡು ಮಾತು ಬೇಕು, ಏಕೆಂದರೆ ಮುಂದಿನ ಎಲ್ಲ ತೀರ್ಮಾನಗಳ ಬೇರು ಅಲ್ಲಿದೆ. ಈ ತಳಿಗೆ ಹೆಸರು ಬಂದದ್ದು 1795ರಲ್ಲಿ ಹುಟ್ಟಿ 1883ರಲ್ಲಿ ತೀರಿಕೊಂಡ ಜಾನ್ ರಸೆಲ್ ಎಂಬ ಇಂಗ್ಲೆಂಡಿನ ಪಾದ್ರಿಯಿಂದ. ನರಿಬೇಟೆಯ ಗೀಳಿದ್ದ ಅವರು ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲು ಮಾರುವವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣು ಟೆರಿಯರನ್ನು ಕೊಂಡರೆಂದೂ ತಳಿ ಅಲ್ಲಿಂದ ಬೆಳೆಯಿತೆಂದೂ ಹೇಳುತ್ತಾರೆ. ಬೇಟೆನಾಯಿಗಳ ಹಿಂಡಿನಿಂದ ತಪ್ಪಿಸಿಕೊಂಡ ನರಿ ಬಿಲ ಸೇರಿದಾಗ, ಅದರ ಬೆನ್ನಿಗೇ ನೆಲದೊಳಕ್ಕೆ ನುಗ್ಗಿ, ಅಡ್ಡ ಬಂದ ಮಣ್ಣನ್ನು ಕೆರೆದು ಹಾಕುತ್ತ, ಮೇಲೆ ನಿಂತವರಿಗೆ ಕೇಳಿಸುವಷ್ಟು ಜೋರಾಗಿ ಬೊಗಳುತ್ತ, ನರಿಯನ್ನು ಹೊರಕ್ಕೆ ಹೊರಡಿಸುವುದು ಈ ನಾಯಿಯ ಕೆಲಸವಾಗಿತ್ತು. ಬಿಲದ ಕತ್ತಲಲ್ಲಿ ಯಜಮಾನನ ಮಾತು ಕೇಳಿಸುವುದಿಲ್ಲ. ಅಲ್ಲಿ ನಾಯಿ ತನ್ನ ಬುದ್ಧಿಯಿಂದಲೇ ನಡೆಯಬೇಕು, ಹಿಡಿದ ಪಟ್ಟು ಬಿಡಬಾರದು. ಹೀಗೆ ಅಗೆಯುವುದು, ಬೊಗಳುವುದು, ಇಕ್ಕಟ್ಟಿನೊಳಕ್ಕೆ ನುಗ್ಗುವುದು ಮತ್ತು ಹಟ, ಈ ನಾಲ್ಕನ್ನೂ ಜನ ತಲೆಮಾರುಗಳ ಕಾಲ ಬೇಕೆಂದೇ ಆರಿಸಿ ಬೆಳೆಸಿದರು. ದೇಹ ಚಿಕ್ಕದಾದದ್ದು ಬಿಲದೊಳಗೆ ಹಿಡಿಸಲೆಂದು, ಚಿಕ್ಕ ಮನೆಗೆ ಹೊಂದಲೆಂದಲ್ಲ.

ಸಮಸ್ಯೆ

ಮನೆಯವರು ಹೇಳಿದ ದೂರುಗಳನ್ನು ಕೇಳುತ್ತ ಹೋದಂತೆ, ಅವು ಈ ತಳಿಯ ಕೆಲಸದ ವಿವರಣೆಯನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತಿದ್ದವು. ಬುಗುರಿ ಅಂಗಳದ ಕುಂಡಗಳನ್ನು ಬರಿದು ಮಾಡಿತ್ತು, ಗೋಡೆಯ ಬುಡದಲ್ಲಿ ಒಂದೇ ಕಡೆ ಮತ್ತೆ ಮತ್ತೆ ಗುಂಡಿ ತೋಡುತ್ತಿತ್ತು. ಸೋಫಾದ ಕೆಳಗೆ ನುಗ್ಗಿ ಅದರ ತಳದ ಬಟ್ಟೆಯನ್ನು ಹರಿದು ಹಾಕಿತ್ತು. ಬೀದಿಯ ಕಡೆಯ ಕಿಟಕಿಯ ಬಳಿ ಕುರ್ಚಿ ಏರಿ ನಿಂತು, ದಾರಿಹೋಕರನ್ನೆಲ್ಲ ಬೊಗಳಿ ಕಳಿಸುತ್ತಿತ್ತು. ಕಾಲುಚೀಲ, ಟವೆಲ್, ಟಿವಿ ರಿಮೋಟ್, ಕೈಗೆ ಸಿಕ್ಕಿದ್ದನ್ನೆಲ್ಲ ಕದ್ದು ಓಡುತ್ತಿತ್ತು. ಸಂಜೆಯಾದರಂತೂ ಒಂದು ಕೋಣೆಯಿಂದ ಇನ್ನೊಂದಕ್ಕೆ ಗುಂಡಿನಂತೆ ನುಗ್ಗುತ್ತ, ಅಡ್ಡ ಬಂದವರ ಹಿಮ್ಮಡಿಗೆ ಬಾಯಿ ಹಾಕುತ್ತಿತ್ತು.

ಇವೆಲ್ಲವನ್ನೂ ಅವರು ಹೇಗೋ ಸಹಿಸಿಕೊಂಡಿದ್ದರು. ಸಲಹೆ ಕೇಳಲು ಕಾರಣವಾದದ್ದು ಬೇರೊಂದು. ಕದ್ದ ಟವೆಲನ್ನು ಬಾಯಿಯಿಂದ ಕಿತ್ತುಕೊಳ್ಳಲು ಮನೆಯ ಯಜಮಾನರು ಮೇಜಿನ ಕೆಳಗೆ ಕೈ ಹಾಕಿದಾಗ ಬುಗುರಿ ಮೊದಲ ಬಾರಿಗೆ ಗುರುಗುಟ್ಟಿತ್ತು. ಮನೆಯಲ್ಲಿ ಹುಡುಗಿಯಿದ್ದಾಳೆ, ವಯಸ್ಸಾದವರಿದ್ದಾರೆ, ನಾಯಿಯನ್ನು ಬೇರೆ ಮನೆಗೆ ಕೊಟ್ಟುಬಿಡುವುದೇ ಸರಿಯೇನೋ ಎಂಬ ಮಾತು ಆ ರಾತ್ರಿ ಬಂದಿತ್ತು. ಆ ಮಾತು ಬಂದ ಮೇಲೆ ಮಗಳು ಊಟ ಮಾಡದೆ ಮಲಗಿದ್ದಳು. ನಾನು ಇದನ್ನು ಇಲ್ಲಿ ಬರೆಯುತ್ತಿರುವುದು, ಇಂಥ ಪ್ರಕರಣಗಳಲ್ಲಿ ನಾಯಿಯ ಚೇಷ್ಟೆಗಿಂತ ಮನೆಯವರ ತಾಳ್ಮೆ ಎಷ್ಟು ಉಳಿದಿದೆ ಎಂಬುದನ್ನು ಮೊದಲು ಅಳೆಯಬೇಕಾಗುತ್ತದೆ ಎಂಬ ಕಾರಣಕ್ಕೆ.

ಅದುವರೆಗೆ ಮಾಡಿ ನೋಡಿದ್ದು

ಮನೆಯವರು ಕೈಕಟ್ಟಿ ಕುಳಿತವರಲ್ಲ. ನಾಯಿಗೆ ಸಾಕಷ್ಟು ವ್ಯಾಯಾಮ ಸಿಗುತ್ತಿಲ್ಲ ಎಂದು ಎಲ್ಲರೂ ಹೇಳಿದ್ದರಿಂದ, ಮೊದಲು ವಾಕಿಂಗ್ ಹೆಚ್ಚಿಸಿದ್ದರು, ಅದು ಸಾಲದಾದಾಗ ಬೆಳಿಗ್ಗೆ ಜೊತೆಯಲ್ಲಿ ಓಡಿದ್ದರು, ಅದೂ ಸಾಲದಾದಾಗ ಸಂಜೆ ಮೈದಾನಕ್ಕೆ ಕರೆದೊಯ್ದು ಚೆಂಡು ಎಸೆದಿದ್ದರು. ಚೆಂಡಿನ ಆಟ ದಿನದಿಂದ ದಿನಕ್ಕೆ ಬೆಳೆದು, ಎಸೆಯುವವರ ತೋಳು ಸೋಲುವವರೆಗೆ ನಡೆಯುತ್ತಿತ್ತು. ಮಳೆ ಬಂದ ದಿನ ಮನೆಯೊಳಗೆ ಲೇಸರ್ ದೀಪದ ಚುಕ್ಕೆಯನ್ನು ಗೋಡೆಯ ಮೇಲೆ ಓಡಿಸಿ ಬುಗುರಿಯನ್ನು ಅದರ ಹಿಂದೆ ಬಿಡುತ್ತಿದ್ದರು. ಆಟಿಕೆಗಳ ಒಂದು ರಾಶಿಯೇ ಇತ್ತು, ಅವೆಲ್ಲ ದಿನವಿಡೀ ನೆಲದ ಮೇಲೆ ಬಿದ್ದಿರುತ್ತಿದ್ದವು. ತಪ್ಪು ಮಾಡಿದಾಗ ಗದರಿಸುತ್ತಿದ್ದರು, ಗದರಿಸಿ ಸಾಕಾದಾಗ ಸ್ನಾನದ ಕೋಣೆಯಲ್ಲಿ ಕೂಡಿ ಹಾಕುತ್ತಿದ್ದರು.

ಫಲವೆಂದರೆ ಬುಗುರಿ ಒಬ್ಬ ಓಟಗಾರನಷ್ಟು ಗಟ್ಟಿಯಾಗಿತ್ತು. ದೇಹವನ್ನು ದಿನವೂ ಸ್ವಲ್ಪ ಸ್ವಲ್ಪ ಹೆಚ್ಚು ದಣಿಸಿದರೆ ಅದು ದಣಿವನ್ನು ತಾಳಿಕೊಳ್ಳಲು ಕಲಿಯುತ್ತದೆ. ಮನುಷ್ಯರು ಓಟದ ತರಬೇತಿ ಮಾಡುವುದೇ ಹೀಗೆ. ನಿನ್ನೆ ಸಾಕಾಗಿದ್ದ ಓಟ ಇಂದು ಸಾಲದು. ನಾಯಿಯನ್ನು ಓಡಿಸಿಯೇ ಸುಮ್ಮನಿರಿಸುತ್ತೇವೆ ಎಂದು ಹೊರಟವರು, ತಮಗೆ ಅರಿವಿಲ್ಲದೆ, ಇನ್ನಷ್ಟು ಓಡಬಲ್ಲ ನಾಯಿಯನ್ನು ತಯಾರು ಮಾಡಿರುತ್ತಾರೆ.

ಪರೀಕ್ಷೆ ಮತ್ತು ದಾಖಲೆ

ಯಾವ ಬದಲಾವಣೆಗೂ ಮೊದಲು ಎರಡು ಕೆಲಸಗಳಾಗಬೇಕಿತ್ತು. ಒಂದು, ಪಶುವೈದ್ಯರ ತಪಾಸಣೆ. ನೋವು, ತುರಿಕೆ, ಹೊಟ್ಟೆಹುಳು, ಹಲ್ಲಿನ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ನಾಯಿ ಚಡಪಡಿಸುತ್ತದೆ, ಮುಟ್ಟಲು ಹೋದರೆ ಗುರುಗುಟ್ಟುತ್ತದೆ. ಚಿಕ್ಕ ತಳಿಗಳಲ್ಲಿ ಮಂಡಿಚಿಪ್ಪು ಜಾರುವ ತೊಂದರೆ ಸಾಮಾನ್ಯವಾದ್ದರಿಂದ ಹಿಂಗಾಲುಗಳನ್ನೂ, ಟೆರಿಯರ್‌ಗಳಲ್ಲಿ ಕಣ್ಣಿನ ಮಸೂರ ಜಾಗ ಬಿಟ್ಟು ಸರಿಯುವ ಆನುವಂಶಿಕ ಕಾಯಿಲೆ ಇರುವುದರಿಂದ ಕಣ್ಣುಗಳನ್ನೂ ನೋಡಬೇಕೆಂದು ಕೇಳಿಕೊಂಡೆವು. ಬುಗುರಿ ಆರೋಗ್ಯವಾಗಿತ್ತು.

ಎರಡನೆಯದು, ಎಲ್ಲರೂ ಹೊರಗೆ ಹೋದಾಗ ಅದು ಏನು ಮಾಡುತ್ತದೆ ಎಂಬುದನ್ನು ಹಳೆಯ ಫೋನೊಂದರ ಕ್ಯಾಮೆರಾದಲ್ಲಿ ಚಿತ್ರಿಸುವುದು. ವಸ್ತು ಹಾಳು ಮಾಡುವ ನಾಯಿಗಳಲ್ಲಿ ಎರಡು ಬಗೆಯವು ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಒಂಟಿತನದ ಭಯವಿರುವ ನಾಯಿ ಸಾಮಾನ್ಯವಾಗಿ ಬಾಗಿಲು ಮುಚ್ಚಿದ ಮೊದಲ ಅರ್ಧ ಗಂಟೆಯೊಳಗೇ ಏದುಸಿರು ಬಿಡುತ್ತ, ಜೊಲ್ಲು ಸುರಿಸುತ್ತ, ಊಳಿಡುತ್ತ, ಬಾಗಿಲು ಕಿಟಕಿಗಳ ಬಳಿಯೇ ಕೆರೆದು ಕಚ್ಚುತ್ತದೆ, ಎದುರಿಗಿಟ್ಟ ತಿನಿಸನ್ನೂ ಮುಟ್ಟುವುದಿಲ್ಲ. ಬೇಸರಗೊಂಡ ನಾಯಿ ಮೊದಲು ಒಂದಷ್ಟು ಹೊತ್ತು ಮಲಗಿ, ಆಮೇಲೆ ಎದ್ದು ಮನೆಯೆಲ್ಲ ಸುತ್ತಿ, ಸಿಕ್ಕಿದ್ದರ ಮೇಲೆ ಕೆಲಸ ಶುರು ಮಾಡುತ್ತದೆ. ಮೊದಲನೆಯದಕ್ಕೆ ಬೇಕಾದ ಚಿಕಿತ್ಸೆಯೇ ಬೇರೆ, ಅದಕ್ಕೆ ಆಟಿಕೆ ಕೊಟ್ಟರೆ ಏನೂ ಪ್ರಯೋಜನವಿಲ್ಲ. ಬುಗುರಿ ತನಗಾಗಿ ಬಿಟ್ಟುಹೋದ ತಿನಿಸನ್ನು ಸಾವಧಾನವಾಗಿ ತಿಂದು, ಬಾಗಿಲ ಕಡೆ ತಿರುಗಿಯೂ ನೋಡದೆ ಮಲಗಿತು. ಭಯದ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಆದರೆ ಈ ಪ್ರಕರಣದ ದಿಕ್ಕು ತಿರುಗಿಸಿದ್ದು ಕ್ಯಾಮೆರಾ ಅಲ್ಲ, ಅಜ್ಜಿಯ ನೋಟ್‌ಬುಕ್. ಏನು ಹಾಳಾಯಿತು ಎಂಬುದಕ್ಕಿಂತ ಯಾವ ಹೊತ್ತಿಗೆ ಹಾಳಾಯಿತು, ಅದಕ್ಕೆ ಮುಂಚಿನ ಒಂದು ಗಂಟೆ ನಾಯಿ ಏನು ಮಾಡುತ್ತಿತ್ತು ಎಂಬುದನ್ನು ಬರೆದಿಡಲು ಕೇಳಿಕೊಂಡಿದ್ದೆ. ಅವರು ಗಡಿಯಾರ ನೋಡಿ, ಸಣ್ಣ ಅಕ್ಷರದಲ್ಲಿ, ಒಂದು ದಿನವೂ ಬಿಡದೆ ಬರೆದಿದ್ದರು. ಓದಿ ಮುಗಿಸುವ ಮೊದಲೇ ಅವರೇ ಹೇಳಿದರು: "ಆಡಿಸಿಕೊಂಡು ಬಂದ ಮೇಲೇ ಇವನ ಹಾರಾಟ ಜಾಸ್ತಿ ನೋಡಿ. ಇವರು ಹೊರಗೆ ಕರ್ಕೊಂಡು ಹೋಗದ ದಿನ ನನ್ನ ಕಾಲ ಹತ್ರ ಮಲಗಿರ್ತಾನೆ." ನೋಟ್‌ಬುಕ್ ಅದನ್ನೇ ಹೇಳುತ್ತಿತ್ತು. ಚೆಂಡಿನ ಆಟ ದೀರ್ಘವಾದ ಸಂಜೆಗಳಲ್ಲಿ ಹಿಮ್ಮಡಿಗೆ ಬಾಯಿ ಹಾಕುವುದೂ ವಸ್ತು ಕದಿಯುವುದೂ ಹೆಚ್ಚಾಗಿದ್ದವು. ಮಗಳು ಮನೆಯ ಸುತ್ತ ಸುಮ್ಮನೆ ಮೂಸಲು ಬಿಟ್ಟು ನಡೆದಾಡಿಸಿದ ಸಂಜೆಗಳು ಶಾಂತವಾಗಿದ್ದವು. ಹಗಲು ನಿದ್ದೆ ತಪ್ಪಿದ ದಿನಗಳು, ಅಂದರೆ ಮನೆಗೆ ಬಂದುಹೋಗುವವರು ಹೆಚ್ಚಾದ ದಿನಗಳು, ಎಲ್ಲಕ್ಕಿಂತ ಕೆಟ್ಟದಾಗಿದ್ದವು.

ಮುಖ್ಯ ತೀರ್ಮಾನ

ಇಲ್ಲಿ ಎದುರಾದ ಆಯ್ಕೆ ಸುಲಭದ್ದಾಗಿರಲಿಲ್ಲ. ಚೈತನ್ಯ ಉಕ್ಕುವ ನಾಯಿಯ ಮನೆಯವರಿಗೆ ಓಟ ಕಡಿಮೆ ಮಾಡಿ ಎಂದು ಹೇಳುವುದು, ಹಸಿದವನಿಗೆ ಊಟ ಬಿಡು ಎಂದಂತೆ ಕೇಳಿಸುತ್ತದೆ. ಯಜಮಾನರು ಒಪ್ಪಲಿಲ್ಲ. ಅವರನ್ನು ಒಪ್ಪಿಸಿದ್ದು ನನ್ನ ವಾದಕ್ಕಿಂತ ಹೆಚ್ಚಾಗಿ ಅಜ್ಜಿಯ ಬರಹ. ಚೆಂಡನ್ನು ಒಂದಷ್ಟು ಕಾಲ ಸಂಪೂರ್ಣವಾಗಿ ಬದಿಗಿಡುವುದು, ಲೇಸರ್ ದೀಪವನ್ನು ಎಂದೆಂದಿಗೂ ಬಿಡುವುದು ಎಂದು ತೀರ್ಮಾನವಾಯಿತು.

ಕಾರಣ ಹೀಗಿದೆ. ನಾಯಿಗಳ ನಡವಳಿಕೆಯ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ಜೀವವಿಜ್ಞಾನಿ ರೇಮಂಡ್ ಕಾಪಿಂಜರ್ ಬೇಟೆಯನ್ನು ಒಂದು ಸರಣಿಯಾಗಿ ವಿವರಿಸಿದ್ದರು: ಬೇಟೆಯ ಕಡೆ ತಿರುಗುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು, ಸೀಳುವುದು, ತಿನ್ನುವುದು. ಬೇರೆ ಬೇರೆ ತಳಿಗಳಲ್ಲಿ ಈ ಸರಣಿಯ ಬೇರೆ ಬೇರೆ ಕೊಂಡಿಗಳನ್ನು ಮನುಷ್ಯ ಹೆಚ್ಚಿಸಿದ್ದಾನೆ ಅಥವಾ ಕುಗ್ಗಿಸಿದ್ದಾನೆ. ಚೆಂಡು ಎಸೆದಾಗ ನಾಯಿ ಅಟ್ಟುತ್ತದೆ, ಹಿಡಿಯುತ್ತದೆ, ಮತ್ತೆ ಅಟ್ಟುತ್ತದೆ. ಸರಣಿಯ ಅತ್ಯಂತ ಉದ್ವೇಗದ ಭಾಗ ಮಾತ್ರ ಸುತ್ತು ಹೊಡೆಯುತ್ತದೆ, ಹುಡುಕುವ ಆರಂಭವೂ ಇಲ್ಲ, ಸೀಳಿ ತಿಂದು ಮಲಗುವ ಮುಕ್ತಾಯವೂ ಇಲ್ಲ. ಲೇಸರ್ ಚುಕ್ಕೆಯಲ್ಲಂತೂ ಹಿಡಿಯುವುದು ಕೂಡ ಇಲ್ಲ. ಅದರ ಹಿಂದೆ ಬಿದ್ದ ಕೆಲವು ನಾಯಿಗಳು ಆಮೇಲೆ ಗೋಡೆಯ ಮೇಲಿನ ನೆರಳು ಬೆಳಕುಗಳನ್ನೆಲ್ಲ ಬೆನ್ನಟ್ಟುವ ಗೀಳಿಗೆ ಬೀಳುತ್ತವೆ. ಮೈದಾನದಿಂದ ಮನೆಗೆ ಬಂದ ಬುಗುರಿ, ಅರ್ಧಕ್ಕೆ ನಿಂತ ಆ ಸರಣಿಯನ್ನು ಮನೆಯವರ ಹಿಮ್ಮಡಿಗಳ ಮೇಲೆ, ಟವೆಲುಗಳ ಮೇಲೆ ಮುಂದುವರಿಸುತ್ತಿತ್ತು ಎಂದು ನಾನು ಓದಿಕೊಂಡೆ. ಹಾಗಿದ್ದರೆ ಸರಣಿಯ ತುದಿಗಳನ್ನು ಅದಕ್ಕೆ ಹಿಂದಿರುಗಿಸಬೇಕು, ಆರಂಭದಲ್ಲಿ ಹುಡುಕಾಟ, ಕೊನೆಯಲ್ಲಿ ಸೀಳುವುದು, ಅಗಿಯುವುದು, ನಿದ್ದೆ.

ಹೊಸ ದಿನಚರಿ

ಮೊದಲ ಬದಲಾವಣೆ ಊಟದ ಬಟ್ಟಲಿನದು. ಬೆಳಿಗ್ಗೆ ದಿನದ ಪೂರ್ತಿ ಒಣ ಆಹಾರವನ್ನು ತೂಗಿ ಒಂದು ಡಬ್ಬಿಯಲ್ಲಿ ಹಾಕಿಡುವುದು, ಬುಗುರಿ ದಿನವಿಡೀ ಸಂಪಾದಿಸುವುದೆಲ್ಲ ಅದರಿಂದಲೇ. ಚಿಕ್ಕ ನಾಯಿಯ ಹೊಟ್ಟೆಯೂ ಚಿಕ್ಕದು. ಕಲಿಸುವ ನೆಪದಲ್ಲಿ ಬೇರೆ ತಿನಿಸು ಸುರಿಯುತ್ತ ಹೋದರೆ ಕೆಲವೇ ತಿಂಗಳಲ್ಲಿ ಬೊಜ್ಜು ಬರುತ್ತದೆ. ಹೆಚ್ಚುವರಿ ತಿನಿಸು ದಿನದ ಒಟ್ಟು ಆಹಾರಶಕ್ತಿಯ ಶೇಕಡಾ 10ನ್ನು ಮೀರದಿರಲಿ ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ, ಅದನ್ನು ಇಲ್ಲಿಯೂ ಪಾಲಿಸಿದೆವು. ಬೆಳಗಿನ ಪಾಲನ್ನು ಅಂಗಳದ ಹುಲ್ಲಿನಲ್ಲಿ ಚೆಲ್ಲುವುದು, ಮಧ್ಯಾಹ್ನದ ಪಾಲನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕೊಡುವುದು, ಸಂಜೆಯದನ್ನು ಕೋಣೆಯ ಮೂಲೆಗಳಲ್ಲಿ ಅಡಗಿಸಿ "ಹುಡುಕು" ಎನ್ನುವುದು. ಮೊದಮೊದಲು ಕಣ್ಣೆದುರೇ ಅಡಗಿಸಿ, ಅದು ಮಾತಿನ ಅರ್ಥ ಹಿಡಿದ ಮೇಲೆ ಕೋಣೆಯ ಹೊರಗೆ ನಿಲ್ಲಿಸಿ ಅಡಗಿಸತೊಡಗಿದರು. ಈ ಕೆಲಸವನ್ನು ಮಗಳು ವಹಿಸಿಕೊಂಡಳು. ಎಷ್ಟು ಎತ್ತರಕ್ಕೆ, ಎಷ್ಟು ಮರೆಯಲ್ಲಿ ಅಡಗಿಸಿದರೆ ಬುಗುರಿಗೆ ಕಷ್ಟವಾದರೂ ಕೈಬಿಡುವಷ್ಟು ಕಷ್ಟವಾಗುವುದಿಲ್ಲ ಎಂಬ ಅಳತೆ ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಸಿದ್ಧಿಸಿತು.

ಮೂಗಿಗೆ ಕೆಲಸ ಕೊಡುವುದು ಏಕೆ ಅಷ್ಟು ಫಲ ಕೊಡುತ್ತದೆ ಎಂದು ಮನೆಯವರು ಕೇಳಿದ್ದರು. ಮನುಷ್ಯನ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು 50–60 ಲಕ್ಷದಷ್ಟಿದ್ದರೆ, ನಾಯಿಯಲ್ಲಿ 20 ಕೋಟಿಗೂ ಮಿಗಿಲು ಎಂದು ಅಂದಾಜಿಸಲಾಗಿದೆ. ನಮಗೆ ಓದುವುದು ಹೇಗೋ ಹಾಗೆ ಅದಕ್ಕೆ ಮೂಸುವುದು ಗಮನ ಬೇಡುವ ಕೆಲಸ, ಅದನ್ನು ಓಡುತ್ತ ಮಾಡಲಾಗದು. 2019ರಲ್ಲಿ ಶಾರ್ಲೊಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಸ್ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಾಕುನಾಯಿಗಳ ಒಂದು ಗುಂಪು ಎರಡು ವಾರ ಮೂಗಿನಿಂದ ಹುಡುಕುವ ಅಭ್ಯಾಸವನ್ನೂ ಇನ್ನೊಂದು ಗುಂಪು ಯಜಮಾನರ ಮಗ್ಗುಲಲ್ಲೇ ನಡೆಯುವ ಅಭ್ಯಾಸವನ್ನೂ ಮಾಡಿದವು. ಆಮೇಲೆ, ತಿನಿಸು ಇದೆಯೋ ಇಲ್ಲವೋ ಎಂದು ಖಚಿತವಿಲ್ಲದ ಬಟ್ಟಲೊಂದನ್ನು ಇಟ್ಟಾಗ, ಹುಡುಕಾಟ ಕಲಿತ ನಾಯಿಗಳು ಮೊದಲಿಗಿಂತ ಬೇಗನೆ ಅದರ ಬಳಿಗೆ ಹೋದವು. ಅಂದರೆ ಒಳ್ಳೆಯದಾದೀತೆಂಬ ನಿರೀಕ್ಷೆ ಅವುಗಳಲ್ಲಿ ಹೆಚ್ಚಿತ್ತು. ಇದನ್ನು ತಿಳಿದ ಮೇಲೆ ಯಜಮಾನರು ವಾಕಿಂಗ್‌ನಲ್ಲಿ ಲೀಶ್ ಜಗ್ಗುವುದನ್ನು ಬಿಟ್ಟರು. ಕುತ್ತಿಗೆಯ ಬೆಲ್ಟಿನ ಬದಲು ಎದೆಗೆ ಹಾಕುವ ಹಾರ್ನೆಸ್, ಉದ್ದನೆಯ ಲೀಶ್, ಮೂಸಬೇಕೆನಿಸಿದಲ್ಲಿ ನಿಲ್ಲುವ ಸ್ವಾತಂತ್ರ್ಯ. ನಡೆದ ದೂರ ಅರ್ಧಕ್ಕಿಳಿಯಿತು, ಹೊರಗಿದ್ದ ಹೊತ್ತು ಅಷ್ಟೇ ಉಳಿಯಿತು.

ಸಂಜೆಯ ಹೊತ್ತಿಗೆ ಒಂದು ನಿಶ್ಚಿತ ಕ್ರಮ ಬಂತು. ಮೊದಲು ಹುಡುಕಾಟ. ಆಮೇಲೆ ಸ್ವಲ್ಪ ಹೊತ್ತು ಹಗ್ಗ ಜಗ್ಗುವ ಆಟ, ಹಗ್ಗವನ್ನು ನೆಲಮಟ್ಟದಲ್ಲೇ ಹಿಡಿದು, ನಾಯಿಯನ್ನು ಮೇಲಕ್ಕೆ ಎತ್ತದಂತೆ, "ಬಿಡು" ಎಂದಾಗ ಬಿಟ್ಟರೆ ಮತ್ತೆ ಆಟ ಮುಂದುವರಿಯುವಂತೆ. ಅದರ ನಂತರ ಹರಿಯಲೆಂದೇ ಒಂದು ರಟ್ಟಿನ ಪೆಟ್ಟಿಗೆ. ಅದರ ಟೇಪು, ಪಿನ್ನುಗಳನ್ನೆಲ್ಲ ತೆಗೆದು, ಒಳಗೆ ಕಾಗದದ ಉಂಡೆಗಳ ನಡುವೆ ಒಂದು ಮುಷ್ಟಿ ಆಹಾರ ಸೇರಿಸಿ ಕೊಡುತ್ತಿದ್ದರು. ಬುಗುರಿ ರಟ್ಟನ್ನು ಹರಿದು ಉಗುಳುತ್ತಿತ್ತು, ನುಂಗುತ್ತಿರಲಿಲ್ಲ. ನುಂಗುವ ನಾಯಿಗಾದರೆ ಈ ಆಟ ಕೊಡುವಂತಿಲ್ಲ. ಕೊನೆಗೆ ನೆಕ್ಕುವ ಅಥವಾ ಅಗಿಯುವ ವಸ್ತುವೊಂದನ್ನು ಅದರ ಹಾಸಿಗೆಯ ಮೇಲೆಯೇ ಕೊಟ್ಟು, ಕೋಣೆಯ ದೀಪ ತಗ್ಗಿಸಿ, ಎಲ್ಲರೂ ಮಾತು ಕಡಿಮೆ ಮಾಡುವುದು. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುವುದರಿಂದ ಅದನ್ನು ಮನೆಯಿಂದಲೇ ದೂರವಿಟ್ಟೆವು. ಅಡಗಿಸುವ ತಿನಿಸಿನಲ್ಲಿ ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಮತ್ತು ಜೈಲಿಟಾಲ್ ಎಂಬ ಸಿಹಿಕಾರಕವಿರುವ ಯಾವುದೂ ಇರಕೂಡದೆಂದು ಮಗಳಿಗೆ ವಿಶೇಷವಾಗಿ ತಿಳಿಸಿದೆವು. 7 ಕಿಲೋ ತೂಕದ ನಾಯಿಗೆ ಸ್ವಲ್ಪ ಪ್ರಮಾಣವೂ ದೊಡ್ಡ ಪ್ರಮಾಣವೇ.

ಕಿಟಕಿಯ ಸಮಸ್ಯೆ ಬೇಗ ಬಗೆಹರಿಯಿತು. ಬೊಗಳಿದಾಗಲೆಲ್ಲ ದಾರಿಹೋಕರು ಮುಂದೆ ಹೋಗುತ್ತಿದ್ದರು, ಅವರು ಹೇಗೂ ಹೋಗುವವರೇ. ಆದರೆ ಬುಗುರಿಯ ಮಟ್ಟಿಗೆ ಅದು ತನ್ನ ಬೊಗಳಿಕೆಯ ಗೆಲುವು, ದಿನಕ್ಕೆ ಅದೆಷ್ಟೋ ಬಾರಿ ಸಿಗುವ ಗೆಲುವು. ಕಿಟಕಿಯ ಕೆಳಭಾಗಕ್ಕೆ ಮಸುಕು ಹಾಳೆ ಅಂಟಿಸಿ, ಕುರ್ಚಿಯನ್ನು ಬೇರೆಡೆಗೆ ಸರಿಸಿದ್ದೇ ಸಾಕಾಯಿತು.

ಗುರುಗುಟ್ಟಿದ ವಿಷಯವನ್ನು ಮಾತ್ರ ತೀರ ಗಂಭೀರವಾಗಿ ತೆಗೆದುಕೊಂಡೆವು. ಕದ್ದ ವಸ್ತುವಿಗಾಗಿ ಮನೆಯೆಲ್ಲ ಬೆನ್ನಟ್ಟುವುದು ಬುಗುರಿಗೆ ದಿನದ ಅತ್ಯುತ್ತಮ ಆಟವಾಗಿತ್ತು, ಅದರ ಕೊನೆಯಲ್ಲಿ ಬಾಯಿಯಿಂದ ಕಿತ್ತುಕೊಳ್ಳುವುದು ಪ್ರತಿ ಸಲವೂ ಒಂದು ನಷ್ಟವಾಗಿತ್ತು. ಗುರುಗುಟ್ಟಿದ್ದಕ್ಕೆ ಶಿಕ್ಷಿಸಿದರೆ ನಾಯಿ ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ, ಕಚ್ಚುವುದನ್ನು ಬಿಡುವುದಿಲ್ಲ. ಆದ್ದರಿಂದ ಬೆನ್ನಟ್ಟುವುದನ್ನು ನಿಲ್ಲಿಸಿ, ಬಾಯಲ್ಲಿ ಏನೇ ಇದ್ದರೂ ಅದಕ್ಕಿಂತ ಮೇಲಾದುದನ್ನು ನೆಲಕ್ಕೆ ಹಾಕಿ, ಅದು ಬಿಟ್ಟ ಮೇಲೆ ವಸ್ತುವನ್ನು ಎತ್ತಿಕೊಂಡು, ಸಾಧ್ಯವಾದಾಗಲೆಲ್ಲ ಅದನ್ನು ಮತ್ತೆ ನಾಯಿಗೇ ಹಿಂದಿರುಗಿಸುವ ವಿನಿಮಯವನ್ನು ಮೊದಲು ಅದರ ಸ್ವಂತ ಆಟಿಕೆಗಳಿಂದ ಅಭ್ಯಾಸ ಮಾಡಿಸಿದೆವು. ರಿಮೋಟಿನಂಥ, ಬ್ಯಾಟರಿಯಿರುವ ವಸ್ತುಗಳನ್ನು ಎತ್ತರದಲ್ಲಿಡುವುದು ಮನೆಯವರ ಪಾಲಿನ ಕಲಿಕೆಯಾಯಿತು. ಆಟಿಕೆಗಳ ರಾಶಿಯಲ್ಲಿ ಒಂದೆರಡನ್ನು ಮಾತ್ರ ಹೊರಗಿಟ್ಟು, ಉಳಿದವನ್ನು ಮುಚ್ಚಿಟ್ಟು, ಕೆಲವು ದಿನಗಳಿಗೊಮ್ಮೆ ಬದಲಿಸತೊಡಗಿದರು.

ನಡೆದದ್ದು

ಆರಂಭದ ದಿನಗಳು ಹದಗೆಟ್ಟವು. ಚೆಂಡಿನ ಹೊತ್ತಿಗೆ ಸರಿಯಾಗಿ ಬುಗುರಿ ಬಾಗಿಲ ಬಳಿ ಕುಳಿತು ಕುಂಯ್‌ಗುಟ್ಟಿತು, ಆಮೇಲೆ ಬೊಗಳಿತು, ಆಮೇಲೆ ಹಿಂದೆಂದೂ ಇಲ್ಲದಷ್ಟು ಬೊಗಳಿತು. ಇದುವರೆಗೆ ಫಲ ಕೊಟ್ಟ ನಡತೆಗೆ ಫಲ ನಿಂತಾಗ, ಅದು ಕುಗ್ಗುವ ಮೊದಲು ಒಮ್ಮೆ ಉಕ್ಕುತ್ತದೆ ಎಂಬುದು ಕಲಿಕೆಯ ಮನಶ್ಶಾಸ್ತ್ರದಲ್ಲಿ ಚೆನ್ನಾಗಿ ಬಲ್ಲ ಸಂಗತಿ, ಅದನ್ನು ಮನೆಯವರಿಗೆ ಮೊದಲೇ ಹೇಳಿಟ್ಟಿದ್ದೆವು. ಆದರೂ ಕೇಳಿದ್ದಕ್ಕೂ ಅನುಭವಿಸಿದ್ದಕ್ಕೂ ಅಂತರವಿದೆ. ಒಂದು ಸಂಜೆ ಯಜಮಾನರು ಚೆಂಡನ್ನು ಕೈಗೆತ್ತಿಕೊಂಡೇಬಿಟ್ಟಿದ್ದರು. ಅಜ್ಜಿ ಅದನ್ನು ಕೇಳಿ ಇಸಿದುಕೊಂಡು ತಮ್ಮ ಬೀರುವಿನಲ್ಲಿಟ್ಟರು. ಆ ಗಳಿಗೆಯಲ್ಲಿ ಚೆಂಡು ಎಸೆದಿದ್ದರೆ, ಇಷ್ಟು ಹೊತ್ತು ಬೊಗಳಿದರೆ ಚೆಂಡು ಸಿಗುತ್ತದೆ ಎಂಬ ಪಾಠವನ್ನು ಬುಗುರಿ ಕಲಿಯುತ್ತಿತ್ತು, ಮುಂದಿನ ಸಲ ಅಷ್ಟೇ ಹೊತ್ತು ಬೊಗಳುವುದರಿಂದಲೇ ಶುರು ಮಾಡುತ್ತಿತ್ತು.

ಅಗೆಯಲೆಂದು ಮಾಡಿದ ಏರ್ಪಾಡು ಮೊದಲು ಸಂಪೂರ್ಣವಾಗಿ ಸೋತಿತು. ಅಂಗಳದ ನೆರಳಿನ ಮೂಲೆಯಲ್ಲಿ ದೊಡ್ಡ ತೊಟ್ಟಿಗೆ ಮಣ್ಣು ಮರಳು ತುಂಬಿ, ಒಳಗೆ ಆಟಿಕೆ, ತಿನಿಸು ಹುದುಗಿಸಿದ್ದರು. ಬುಗುರಿ ತಿನಿಸನ್ನು ಎತ್ತಿಕೊಂಡು, ನೇರವಾಗಿ ಗೋಡೆಯ ಬುಡದ ತನ್ನ ಹಳೆಯ ಗುಂಡಿಗೇ ಹೋಗುತ್ತಿತ್ತು. ಎಲ್ಲ ಬಿಟ್ಟು ಅದು ಒಂದೇ ಕಡೆ ಏಕೆ ಅಗೆಯುತ್ತದೆ ಎಂದು ನಾವು ಅಲ್ಲಿ ಕುಳಿತು ನೋಡಿದಾಗ, ಗೋಡೆಯಲ್ಲಿ ಇಲಿಯೊಂದು ಓಡಾಡುವಷ್ಟು ಬಿರುಕು ಕಾಣಿಸಿತು. ನಾಯಿ ಎರಡು ಶತಮಾನದ ಹಿಂದೆ ತನ್ನ ಪೂರ್ವಜರಿಗೆ ವಹಿಸಿದ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿತ್ತು. ಬಿರುಕನ್ನು ಮುಚ್ಚಿಸಿ, ಗುಂಡಿಯ ಜಾಗದಲ್ಲೇ ತೊಟ್ಟಿಯನ್ನು ಹೂತು, ಆ ಗುಂಡಿಯ ಮಣ್ಣನ್ನೇ ಅದರೊಳಗೆ ಹಾಕಿದ ಮೇಲೆ ಬುಗುರಿ ತೊಟ್ಟಿಯನ್ನು ತನ್ನದೆಂದು ಒಪ್ಪಿಕೊಂಡಿತು. ಇಲಿಗಾಗಿ ವಿಷ ಇಡಬಾರದೆಂದು ಒತ್ತಿ ಹೇಳಿದೆವು. ವಿಷ ತಿಂದ ಇಲಿಯನ್ನು ಹಿಡಿದು ತಿಂದ ನಾಯಿಗೂ ಅದು ಪ್ರಾಣಾಪಾಯ. ಕುಂಡಗಳ ಕಡೆ ಬಾಯಿ ಹೋದಾಗ ಗದರಿಸುವ ಬದಲು ತೊಟ್ಟಿಯ ಬಳಿ ಕರೆದೊಯ್ದು ಕೈಯಿಂದ ಮಣ್ಣು ಕೆದಕಿ ತೋರಿಸಿದರೆ ಸಾಕಾಗುತ್ತಿತ್ತು. ಕುಂಡಗಳಲ್ಲಿ ಗಿಡಗಳು ಮತ್ತೆ ನಿಂತವು.

ಇನ್ನೊಂದು ಎಡವು ಗೆಳೆಯರೊಬ್ಬರು ಕೊಟ್ಟ ಒಗಟಿನ ಆಟಿಕೆಯಿಂದ ಬಂತು. ಮುಚ್ಚಳ ಸರಿಸಿ ತಿನಿಸು ತೆಗೆಯಬೇಕಾದ ಆ ಆಟಿಕೆಯನ್ನು ನೇರವಾಗಿ ಅತಿ ಕಠಿಣ ಹಂತದಲ್ಲಿ ಕೊಟ್ಟಾಗ, ಬುಗುರಿ ಸ್ವಲ್ಪ ಹೊತ್ತು ಕೆರೆದು, ರೇಗಿ, ಆಟಿಕೆಯನ್ನೇ ಅಗಿಯತೊಡಗಿತು. ಅದರ ಮುಚ್ಚಳಗಳನ್ನೆಲ್ಲ ತೆಗೆದು, ಬರಿಯ ಗುಳಿಗಳಲ್ಲಿ ತಿನಿಸಿಟ್ಟು, ನಂತರ ಒಂದೊಂದೇ ಮುಚ್ಚಳ ಸೇರಿಸುತ್ತ ಹೋದ ಮೇಲೆ ಅದೇ ಆಟಿಕೆ ಪ್ರಿಯವಾಯಿತು. ನಾಯಿ ಬುದ್ಧಿವಂತ ಎಂಬ ಕಾರಣಕ್ಕೆ ಕಷ್ಟದಿಂದಲೇ ಶುರು ಮಾಡಬೇಕಿಲ್ಲ.

ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದ ತಿರುವು ವಿಶ್ರಾಂತಿಯಿಂದ ಬಂತು. ವಯಸ್ಕ ನಾಯಿ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತನ್ನು ನಿದ್ದೆ ಮತ್ತು ವಿಶ್ರಾಂತಿಯಲ್ಲಿ ಕಳೆಯುವುದು ಸಹಜ, ಎಳೆಯ ನಾಯಿಗೆ ಇನ್ನೂ ಹೆಚ್ಚು ಬೇಕು. ಬುಗುರಿ ಹಗಲಿನಲ್ಲಿ ಪ್ರತಿ ಸದ್ದಿಗೂ ಎದ್ದು ಕೂರುತ್ತಿತ್ತು, ಸಂಜೆಯ ಅದರ ಹುಚ್ಚೋಟ ಉಕ್ಕುವ ಚೈತನ್ಯದ ಲಕ್ಷಣವಾಗಿರದೆ ನಿದ್ದೆಗೆಟ್ಟ ಎಳೆಯ ಮಗುವಿನ ರಚ್ಚೆಯೇ ಆಗಿತ್ತು. ಅಜ್ಜಿಯ ಕೋಣೆಯಲ್ಲಿ ಒಂದು ಹಾಸಿಗೆ ಹಾಕಿ, ಬೆಳಗಿನ ಹುಡುಕಾಟ ಮುಗಿದ ಮೇಲೆ ಮತ್ತು ಮಧ್ಯಾಹ್ನ, ಬಾಗಿಲು ಓರೆ ಮಾಡಿ, ಅವರು ಓದುತ್ತ ಕೂರುವ ಹೊತ್ತಿನಲ್ಲಿ ಬುಗುರಿಯೂ ಅಲ್ಲಿಯೇ ಇರುವಂತೆ ಮಾಡಿದೆವು. ಹಾಸಿಗೆಯ ಮೇಲೆ ತಾನಾಗಿ ಮಲಗಿದಾಗ, ತಲೆ ಕೆಳಗಿಟ್ಟಾಗ, ಏನೂ ಮಾತಾಡದೆ ಮೂತಿಯ ಹತ್ತಿರ ಒಂದು ಕಾಳು ಆಹಾರ ಇಡುವುದು, ಅಷ್ಟೇ ಅವರ ಕೆಲಸ. ಯಾವ ಆಜ್ಞೆಯೂ ಇಲ್ಲ, ಹೊಗಳಿಕೆಯೂ ಇಲ್ಲ. ಹಗಲಿನ ನಿದ್ದೆ ಕೂಡಿಬಂದಂತೆ ಸಂಜೆಯ ಓಟ ಇಳಿಯಿತು, ಹಿಮ್ಮಡಿಗೆ ಬಾಯಿ ಹಾಕುವುದು ಮೊದಲು ವಿರಳವಾಗಿ ಕೊನೆಗೆ ನಿಂತಿತು. ಹೊಸ ಆಟಗಳನ್ನೆಲ್ಲ ಸೇರಿಸಿದ ಮೇಲೂ ಬಗ್ಗದಿದ್ದ ಸಂಜೆ, ನಿದ್ದೆ ಸರಿಹೋದ ಮೇಲೆ ಬಗ್ಗಿತು.

ಈಗಿನ ಸ್ಥಿತಿ ಮತ್ತು ಉಳಿದ ಮಾತುಗಳು

ಬುಗುರಿ ಅದೇ ಮನೆಯಲ್ಲಿದೆ. ವಿನಿಮಯದ ಅಭ್ಯಾಸ ಬೇರೂರಿದ ಮೇಲೆ ಅದು ಕದ್ದ ಕಾಲುಚೀಲವನ್ನು ತಾನೇ ತಂದು ಮಗಳ ಮುಂದೆ ಹಾಕುತ್ತದೆ. ಮತ್ತೆ ಗುರುಗುಟ್ಟಿದ್ದು ಮನೆಯವರ ನೆನಪಿನಲ್ಲಿಲ್ಲ. ಚೆಂಡು ಹಿಂದಿರುಗಿದೆ, ಬೇರೆ ರೂಪದಲ್ಲಿ. ಈಗ ಅದನ್ನು ಎತ್ತರದ ಹುಲ್ಲಿನಲ್ಲಿ ಅಡಗಿಸುತ್ತಾರೆ, ಬುಗುರಿ ಮೂಗಿನಿಂದ ಹುಡುಕಿ ತರುತ್ತದೆ. ಒಂದೆರಡು ಸಲ ಎಸೆಯುವುದೂ ಉಂಟು, ಅಷ್ಟಕ್ಕೆ ನಿಲ್ಲಿಸುವುದು ಅವರಿಗೂ ಅದಕ್ಕೂ ಗೊತ್ತು. ಬಾಗಿಲ ಗಂಟೆಗೆ ಅದು ಇಂದಿಗೂ ಬೊಗಳುತ್ತದೆ. ಬೆಕ್ಕು ಕಂಡರೆ ಅದಕ್ಕೆ ಜಗತ್ತೇ ಮರೆಯುತ್ತದೆ, ಆದ್ದರಿಂದ ಬೇಲಿಯಿಲ್ಲದ ಜಾಗದಲ್ಲಿ ಲೀಶ್ ಕಳಚುವುದಿಲ್ಲ ಎಂಬುದನ್ನು ಮನೆಯವರು ಶಾಶ್ವತ ನಿಯಮವಾಗಿ ಒಪ್ಪಿಕೊಂಡಿದ್ದಾರೆ. ಇದನ್ನು ನಾನು ಸೋಲೆಂದು ಎಣಿಸುವುದಿಲ್ಲ. ಬಿಲದೊಳಗೆ ಮಾತು ಕೇಳದೆ ಕೆಲಸ ಮಾಡಲೆಂದು ಬೆಳೆಸಿದ ಪ್ರಾಣಿಯಿಂದ, ಬೇಟೆ ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಪೂರ್ಣ ವಿಧೇಯತೆಯನ್ನು ಬೇಡುವುದು ನ್ಯಾಯವಲ್ಲ.

ಇದೇ ಪರಿಸ್ಥಿತಿಯಲ್ಲಿರುವವರು ಈ ದಿನಚರಿಯನ್ನು ಹಾಗೆಯೇ ಎತ್ತಿಕೊಳ್ಳುವ ಮೊದಲು ತಮ್ಮ ನಾಯಿಯ ಕೆಲವು ದಿನಗಳನ್ನು ಬರೆದಿಡಬೇಕೆಂದು ಕೇಳಿಕೊಳ್ಳುತ್ತೇನೆ. ಬುಗುರಿಗೆ ಓಟ ಹೆಚ್ಚಾಗಿತ್ತು. ದಿನವಿಡೀ ಕಟ್ಟಿಹಾಕಿದ ನಾಯಿಗೆ ಓಟವೇ ಮೊದಲ ಮದ್ದಾಗಬಹುದು. ಬುಗುರಿಗೆ ಹರಿಯುವ ಆಸೆಯಿತ್ತು. ಕುರಿ ಕಾಯುವ ತಳಿಯ ಚಿಕ್ಕ ನಾಯಿಗೆ ಹೊಸ ಕಸರತ್ತು ಕಲಿಯುವುದೇ ಹೆಚ್ಚು ರುಚಿಸಬಹುದು. ಚಿತ್ರೀಕರಣದಲ್ಲಿ ಏದುಸಿರು, ಜೊಲ್ಲು, ಊಳಿಡುವಿಕೆ ಕಂಡವರು ಆಟಗಳನ್ನು ಬದಿಗಿಟ್ಟು ಮೊದಲು ಪಶುವೈದ್ಯರ ಬಳಿ ಹೋಗಬೇಕು.

ಮನೆಯವರು ಇತ್ತೀಚೆಗೆ ಕೇಳಿದ ಪ್ರಶ್ನೆ, ಕಾಯಿಲೆ, ಪರೀಕ್ಷೆ, ಪ್ರವಾಸಗಳ ನಡುವೆ ಇಷ್ಟನ್ನೆಲ್ಲ ದಿನವೂ ಮಾಡಲಾಗದಿದ್ದರೆ ಯಾವುದನ್ನು ಬಿಡಬಹುದು ಎಂಬುದಾಗಿತ್ತು. ರಟ್ಟಿನ ಪೆಟ್ಟಿಗೆ, ಹಗ್ಗದಾಟ, ಒಗಟಿನ ಆಟಿಕೆ, ಇವುಗಳನ್ನು ಕೆಲವು ದಿನ ಬಿಟ್ಟರೂ ನಡೆಯುತ್ತದೆ, ವಾಕಿಂಗನ್ನು ಮೊಟಕು ಮಾಡಿದರೂ ನಡೆಯುತ್ತದೆ. ಒಂದು ಹೊತ್ತಿನ ಆಹಾರವನ್ನಾದರೂ ಮೂಗಿನಿಂದ ಹುಡುಕಿ ತಿನ್ನುವುದನ್ನು ಮತ್ತು ಅಜ್ಜಿಯ ಕೋಣೆಯ ಮಧ್ಯಾಹ್ನದ ನಿದ್ದೆಯನ್ನು ಮಾತ್ರ ತಪ್ಪಿಸಬೇಡಿ ಎಂದು ಹೇಳಿದೆ. ಅಜ್ಜಿ ಊರಿಗೆ ಹೋದ ವಾರಗಳಲ್ಲಿ ಆ ಕೋಣೆಯಲ್ಲಿ ಪುಸ್ತಕ ಹಿಡಿದು ಕೂರುವ ಸರದಿಯನ್ನು ರಜೆಯಲ್ಲಿದ್ದ ಮಗಳು ವಹಿಸಿಕೊಂಡಳು. ನೋಟ್‌ಬುಕ್ಕಿನ ಆ ವಾರಗಳ ಪುಟಗಳು ಅವಳ ಅಕ್ಷರದಲ್ಲಿವೆ, ಅವುಗಳಲ್ಲಿ ಸಂಜೆಯ ಸಾಲುಗಳು ಹೆಚ್ಚಾಗಿ ಖಾಲಿಯಿವೆ.